ಕೀಲಿಕೈ ಎಲ್ಲಿದೆ ಅಂತ ವೈನಿಗೆ ಹೇಳು

ವಿಜಯಪುರ
ಭಾನುವಾರ ರಾತ್ರಿ

ಪ್ರೀತಿಯ ದೋಸ್ತ,

ಕಾಲಿನ ನೋವು ಈಗ ಹೇಗಿದೆ? ಹೊಲಿಗೆ ಬಿಚ್ಚುವ ತನಕ ಮೋಟರ್‌ಸೈಕಲ್ ಮುಟ್ಟಬೇಡ. ಫೋನಿನಲ್ಲೂ ಇದನ್ನೇ ಹೇಳಿದೆ, ಮತ್ತೆ ಹೇಳುತ್ತಿದ್ದೇನೆ. ಫೋನಿನಲ್ಲಿ ಹೇಳಲಾಗದೆ ಉಳಿದ ಒಂದು ಮಾತಿದೆ. ಅದಕ್ಕೇ ಈ ಪತ್ರ. ಪೂರ್ತಿ ಓದು.

ಅವತ್ತು ರಾತ್ರಿ ನಾನು ಬಾಗಲಕೋಟೆಯ ನವನಗರಕ್ಕೆ ಬಂದು ಮುಟ್ಟಿದಾಗ ನಿನಗಿನ್ನೂ ಎಚ್ಚರ ಇರಲಿಲ್ಲ. ವೈನಿ ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತಿದ್ದರು. ಕೈಯಲ್ಲಿ ನಿನ್ನ ಫೋನು. ಒಡೆದ ಗಾಜಿನ ಮೇಲೆ ಬೆರಳಿಟ್ಟು ಪ್ಯಾಟರ್ನ್ ಎಳೆಯುತ್ತಿದ್ದರು. ಒಮ್ಮೆ ಹೀಗೆ, ಒಮ್ಮೆ ಹಾಗೆ. ಪ್ರತಿ ಸಲವೂ ಮೂವತ್ತು ಸೆಕೆಂಡು ತಡೆಯಿರಿ ಅಂತ ಬರುತ್ತಿತ್ತು. ಕೌಂಟರಿನವರು ವಿಮೆ ಕಾರ್ಡು ಕೇಳುತ್ತಿದ್ದರು. ವಿಮೆ ಮಾಡಿಸಿದ್ದೀಯ ಅಂತ ವೈನಿಗೆ ಗೊತ್ತು, ಯಾವ ಕಂಪನಿಯದು ಅಂತ ಗೊತ್ತಿಲ್ಲ. ಡಾಕ್ಟರು ಬಂದು, ‘ಇವರಿಗೆ ದಿನಾ ಯಾವುದಾದರೂ ಗುಳಿಗೆ ಇದೆಯಾ?’ ಅಂತ ಕೇಳಿದರು. ವೈನಿ ನನ್ನ ಮುಖ ನೋಡಿದರು. ನೀನು ಬಿಪಿ ಗುಳಿಗೆ ನುಂಗುವುದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ನಿನ್ನ ಜೊತೆ ಸಂಸಾರ ಮಾಡಿದವರಿಗೆ ಗೊತ್ತಿರಲಿಲ್ಲ. ಸುಮ್ನೆ ಯಾಕೆ ಅವಳಿಗೆ ಚಿಂತೆ ಹಚ್ಚಬೇಕು ಅಂತ ನೀನು ಹೇಳಿರಲಿಲ್ಲ, ಅಲ್ವಾ? ನಾನು ಆ ಗುಳಿಗೆಯ ಹೆಸರು ಹೇಳಿದಾಗ ಅವರ ಮುಖ ಹೇಗಾಯಿತು ಅಂತ ನೀನು ನೋಡಲಿಲ್ಲ. ನಾನು ನೋಡಿದೆ.

ದೇವರ ದಯೆ, ಮೂರೇ ದಿನಕ್ಕೆ ಮನೆಗೆ ಬಂದೆ. ಆದರೆ ಆ ರಾತ್ರಿ ವಿಜಯಪುರದ ಬಸ್ಸಿನಲ್ಲಿ ಕೂತಾಗ ನನಗೆ ನಮ್ಮ ಅಪ್ಪನ ಟ್ರಂಕು ನೆನಪಾಯಿತು.

ಅಪ್ಪ ತೀರಿಕೊಂಡಾಗ ನೀನು ಬಂದಿದ್ದೆ, ಮಣ್ಣು ಕೊಟ್ಟು ಹೋದೆ. ಆಮೇಲಿನದನ್ನು ನಾನು ನಿನಗೆ ಹೇಳಿಯೇ ಇಲ್ಲ. ಅಪ್ಪ ಲೆಕ್ಕದಲ್ಲಿ ಬಹಳ ಗಟ್ಟಿ ಮನುಷ್ಯ. ಯಾರಿಗೆ ಎಷ್ಟು ಕೊಟ್ಟಿದ್ದು, ಯಾವ ಬ್ಯಾಂಕಿನಲ್ಲಿ ಎಷ್ಟಿದೆ, ಎಲ್ಲಾ ಬಾಯಲ್ಲೇ ಇರುತ್ತಿತ್ತು. ಬಾಯಲ್ಲಿದ್ದದ್ದು ಅವರ ಜೊತೆಗೇ ಹೋಯಿತು. ದಿನಕಾರ್ಯ ಮುಗಿದ ಮೇಲೆ ಟ್ರಂಕು ತೆಗೆಯೋಣ ಅಂದರೆ ಕೀಲಿಕೈ ಎಲ್ಲಿದೆ ಅಂತ ಅವ್ವನಿಗೂ ಗೊತ್ತಿಲ್ಲ. ಕೊನೆಗೆ ಕಲ್ಲಿನಿಂದ ಹೊಡೆದು ಕೀಲಿ ಒಡೆದೆ. ಅವ್ವ ಅವತ್ತು ಅತ್ತಷ್ಟು ಅಪ್ಪನನ್ನು ಒಯ್ಯುವಾಗಲೂ ಅತ್ತಿರಲಿಲ್ಲ.

ಒಳಗೆ ಡಾಂಬರ ಗುಳಿಗೆಯ ವಾಸನೆ. ಅಪ್ಪನ ಮದುವೆಯ ಧೋತರ, ಎರಡು ಪಾಸ್‌ಬುಕ್, ಹುಳ ತಿಂದ ಒಂದು ರಸೀದಿ. ಅದರ ಕೆಳಗೆ ಸುರುಳಿ ಸುತ್ತಿ ದಾರ ಕಟ್ಟಿದ ಹಳೆಯ ಕ್ಯಾಲೆಂಡರುಗಳು, ಹನ್ನೆರಡು ವರ್ಷದವು. ಒಲೆಗೆ ಹಾಕೋಣ ಅಂತ ಎತ್ತಿದ್ದೆ. ಅಕ್ಕ ತಡೆದಳು. ಬಿಚ್ಚಿ ನೋಡಿದರೆ ತಾರೀಖಿನ ಮನೆಗಳಲ್ಲಿ ಅಪ್ಪನ ಸಣ್ಣ ಅಕ್ಷರ. ‘ಆಳಿನ ಪಗಾರ’, ‘ಎತ್ತಿನ ಔಷಧ’, ‘ಹಿಂಡಿ’. ಒಂದು ದೀಪಾವಳಿಯ ವಾರದಲ್ಲಿ ‘ಸಂಘ 40 ಸಾವಿರ’ ಅಂತಿತ್ತು. ಅಕ್ಕ, ನಾನು ಮೂರು ರಾತ್ರಿ ಕೂತು ಒಂದೊಂದೇ ಹಾಳೆ ಓದಿದೆವು. ಆ ಒಂದು ಸಾಲಿನಿಂದಲೇ ಒಂದು ಪತ್ತಿನ ಸಂಘದಲ್ಲಿ ಠೇವಣಿ ಇದೆ ಅಂತ ತಿಳಿದದ್ದು. ಅದಕ್ಕೆ ನಾಮಿನಿ ಹೆಸರು ಇರಲಿಲ್ಲ. ಹಣ ಕೈಗೆ ಬರುವಷ್ಟರಲ್ಲಿ ಹನ್ನೊಂದು ತಿಂಗಳು ಹೋಯಿತು.

ಆ ಹನ್ನೊಂದು ತಿಂಗಳಲ್ಲಿ ಕಲಿತದ್ದನ್ನು ಈಗ ನಿನಗೆ ಹೇಳುತ್ತೇನೆ. ನಾನು ಚಪ್ಪಲಿ ಸವೆಸಿದ ಹಾದಿಯಲ್ಲಿ ವೈನಿ ಓಡಾಡಬಾರದು.

ಮೊದಲು ನಾಮಿನಿ. ನಿನ್ನ ಪಗಾರದ ಖಾತೆ ತೆಗೆದದ್ದು ಮದುವೆಗೆ ಮುಂಚೆ. ಅದರಲ್ಲಿ ನಾಮಿನಿ ಇನ್ನೂ ನಿಮ್ಮಪ್ಪನೇ ಇರಬಹುದು. ಅವರು ಹೋಗಿ ಆರು ವರ್ಷವಾಯಿತು. ಒಂದು ಫಾರ್ಮು ತುಂಬಿದರೆ ಬದಲಾಗುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಬರೆಯಬಹುದು. ಆದರೆ ನಾಮಿನಿ ಆದವರೇ ಮಾಲೀಕರು ಅಂತ ತಿಳಿಯಬೇಡ. ಬ್ಯಾಂಕು ಹಣವನ್ನು ಅವರ ಕೈಗೆ ಕೊಡುತ್ತದೆ, ಅಷ್ಟೇ. ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಮನೆ ಖರ್ಚಿನ ಖಾತೆಯನ್ನು ಇಬ್ಬರ ಹೆಸರಿಗೆ ಮಾಡಿಸು. ‘ಆಯ್ದರ್ ಆರ್ ಸರ್ವೈವರ್’ ಅಂತ ಬರೆಸಿದರೆ ಯಾರೊಬ್ಬರ ಸಹಿಗೂ ಹಣ ಸಿಗುತ್ತದೆ. ಅಪ್ಪ ಹೋದ ವಾರ ಅವ್ವನ ಕೈಯಲ್ಲಿ ಇದ್ದದ್ದು ಸಾವಿರದ ಇನ್ನೂರು ರೂಪಾಯಿ. ದಿನಕಾರ್ಯದ ಅಡುಗೆಗೆ ನಾನು ಸಾಲ ಮಾಡಿದೆ. ಅದೇ ಹೊತ್ತಿಗೆ ಅಪ್ಪನ ಖಾತೆಯಲ್ಲಿ ತೊಗರಿ ಮಾರಿದ ಹಣ ಪೂರ್ತಿ ಇತ್ತು.

ನಮ್ಮ ಕಡೆ ಓಣಿಗೊಂದು ಪತ್ತಿನ ಸಂಘ, ಸೌಹಾರ್ದ ಇವೆ. ಗುರುತಿನವರು ಇರುತ್ತಾರೆ, ಬಡ್ಡಿ ಒಂದಿಷ್ಟು ಜಾಸ್ತಿ. ಹಾಗಾಗಿ ಇಡುತ್ತೇವೆ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷ ರೂಪಾಯಿ ತನಕ ಠೇವಣಿ ವಿಮೆ ಸಿಗುತ್ತದೆ. ಸಹಕಾರಿ ಬ್ಯಾಂಕಿಗೂ ಅದು ಇದೆ. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಎರಡರ ಬೋರ್ಡೂ ನೋಡಲು ಒಂದೇ ಥರ ಇರುತ್ತವೆ. ಹೆಸರಿನಲ್ಲಿ ‘ಬ್ಯಾಂಕ್’ ಇದೆಯಾ, ‘ಸಂಘ’ ಇದೆಯಾ ಅಂತ ಓದಿ ನೋಡು. ಮಗಳ ಓದಿಗೆ ಕೂಡಿಡುವ ಹಣವನ್ನಂತೂ ಸಂಘದಲ್ಲಿ ಇಡಬೇಡ.

ನಮ್ಮ ಕಾಕಾನ ಮಗನ ವಿಷಯ ನಿನಗೆ ಗೊತ್ತು. ನಲವತ್ತೊಂದಕ್ಕೇ ಹೋದ. ಅವನ ಹೆಂಡತಿ ಪಾಸ್‌ಬುಕ್ ತಂದು, ‘ಇದರಲ್ಲಿ ಏನೂ ಇಲ್ಲ ಅಂತಾರೆ, ನೀವೊಮ್ಮೆ ನೋಡ್ರಿ ಭಾವಾ’ ಅಂದಳು. ಉಳಿದದ್ದು ಮುನ್ನೂರು ಚಿಲ್ಲರೆ. ಆದರೆ ಮೇ ತಿಂಗಳ ಕೊನೆಯ ಸಾಲಿನಲ್ಲಿ 436 ರೂಪಾಯಿ ಕಡಿತವಾಗಿತ್ತು. ಹಿಂದಿನ ವರ್ಷವೂ ಅಷ್ಟೇ. ನನ್ನ ಕೈ ನಡುಗಿತು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು. ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ 2 ಲಕ್ಷ ರೂಪಾಯಿ. ಅದೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದೆ, ಹಣ ಬಂತು. ಆ ಸಾಲು ಕಣ್ಣಿಗೆ ಬೀಳದಿದ್ದರೆ ಅವಳು ಹಾಗೇ ಎದ್ದು ಹೋಗುತ್ತಿದ್ದಳು. 18ರಿಂದ 50 ವರ್ಷದೊಳಗಿನವರು ಸೇರಬಹುದು, 55ರ ತನಕ ನಡೆಯುತ್ತದೆ. ನಿನಗೂ ವೈನಿಗೂ ಈ ವಾರವೇ ಮಾಡಿಸು. ಜೊತೆಗೆ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆಯೂ ಇರಲಿ. ದಿನಾ ಮುಧೋಳದಿಂದ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡಾಡುವವನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಈಗ ಹೊಲದ ಮಾತು. ಇದನ್ನು ಸ್ವಲ್ಪ ತಡೆದು ಓದು.

ನಮ್ಮ ಹೊಲದ ಉತಾರ, ಅಂದರೆ ಪಹಣಿ, ಅಪ್ಪನ ಹೆಸರಿಗೂ ಇರಲಿಲ್ಲ, ಅಜ್ಜನ ಹೆಸರಲ್ಲೇ ಇತ್ತು. ಅಜ್ಜ ಹೋದದ್ದು 1991ರಲ್ಲಿ. ಅಪ್ಪ ಮೂವತ್ತು ವರ್ಷ ಉತ್ತು ಬಿತ್ತಿ ಬೆಳೆದರು, ವಾರಸಾ ಮಾತ್ರ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಲಿಲ್ಲ. ಕೇಳಿದರೆ, ‘ಹೊಲ ಎಲ್ಲಿ ಓಡಿ ಹೋಗುತ್ತದೆ?’ ಅನ್ನುತ್ತಿದ್ದರು. ಒಂದು ವರ್ಷ ಮಳೆ ಜಾಸ್ತಿಯಾಗಿ ತೊಗರಿ ಪೂರ್ತಿ ಕೊಳೆಯಿತು. ಬದುವಿನ ಆಚೆಯವರಿಗೆ ಪರಿಹಾರ ಬಂತು. ನಮಗೆ ಬರಲಿಲ್ಲ. ಸತ್ತವರ ಹೆಸರಿಗೆ ಎಫ್‌ಐಡಿ, ಅಂದರೆ ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ, ಆಗುವುದಿಲ್ಲ, ಎಫ್‌ಐಡಿ ಇಲ್ಲದೆ ಪರಿಹಾರ ಜಮಾ ಆಗುವುದಿಲ್ಲ. ಆಮೇಲೆ ನಾನು ನಾಡಕಚೇರಿಗೆ ಓಡಾಡಿದಾಗ ಎರಡು ಸಾವಿನ ದಾಖಲೆ ಬೇಕಾಯಿತು. ಅಜ್ಜನ ಸಾವು ಎಲ್ಲೂ ನೋಂದಣಿ ಆಗಿರಲಿಲ್ಲ. 21 ದಿನದೊಳಗೆ ಬರೆಸಿದರೆ ಬಿಡಿಗಾಸು ಖರ್ಚಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಅಪ್ಪನ ಹೆಸರಿನದು ಇನ್ನೊಂದು ಗೋಳು. ಒಂದು ಕಾಗದದಲ್ಲಿ ಹೆಸರಿನ ಕೊನೆಗೆ ‘ಅಪ್ಪ’, ಆಧಾರದಲ್ಲಿ ‘ಅಣ್ಣ’, ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಮೂವರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ಕೊಡಬೇಕಾಯಿತು. ಬದುಕಿದ್ದಾಗ ಅಪ್ಪ ಒಂದು ದಿನ ಬಂದು ನಿಂತಿದ್ದರೆ ಮುಗಿಯುವ ಕೆಲಸ ಇದು. ನಿನ್ನ ಕಾಗದಗಳಲ್ಲಿ ಹೆಸರು ಒಂದೇ ಥರ ಇದೆಯಾ ನೋಡು. ಇಲ್ಲದಿದ್ದರೆ ಈಗಲೇ ತಿದ್ದಿಸು.

ನಿಮ್ಮ ಬೀಳಗಿ ಕಡೆಯ ಹೊಲವೂ ಅಜ್ಜನ ಹೆಸರಲ್ಲೇ ಇದೆ ಅಂತ ನೀನೇ ಹೇಳಿದ್ದೆ. ಹಿನ್ನೀರು ಅಲ್ಲಿಂದ ಎಷ್ಟು ದೂರ ಇದೆ? ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಎಷ್ಟು ಊರಿನ ಹೊಲ ಹೋಗುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಹಳೇ ಬಾಗಲಕೋಟೆ ಖಾಲಿಯಾದದ್ದನ್ನು ನಾವು ಕಣ್ಣಾರೆ ಕಂಡವರು. ಪರಿಹಾರ ಬರುವ ದಿನ ಯಾರು ಉತ್ತರು ಅಂತ ಯಾರೂ ಕೇಳುವುದಿಲ್ಲ, ಉತಾರದಲ್ಲಿ ಯಾರ ಹೆಸರಿದೆ ಅಂತ ನೋಡುತ್ತಾರೆ.

ವಾರಸಾ ಮಾಡಿಸುವಾಗ ನಿನ್ನ ತಂಗಿಯರ ಹೆಸರು ಬಿಡಬೇಡ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ನಮ್ಮ ವಂಶವೃಕ್ಷ ಬರೆಸುವಾಗ ಊರಿನ ಒಬ್ಬ ಹಿರಿಯರು, ‘ಹೆಣ್ಣುಮಕ್ಕಳದ್ದು ಯಾಕೆ, ಕೊಟ್ಟ ಮನೆಗೆ ಹೋದವರು’ ಅಂದರು. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ಏನೂ ಮಾತಾಡಲಿಲ್ಲ, ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಿದ್ದಳು. ಮೂರು ರಾತ್ರಿ ಅಪ್ಪನ ಅಕ್ಷರ ಓದಿದವಳು ಅವಳು. ಅಪ್ಪನ ಕೊನೆಯ ತಿಂಗಳು ಬಂದು ಹೇಲು ಉಚ್ಚೆ ಬಳಿದವಳೂ ಅವಳೇ. ನಾನು ಅವಳ ಹೆಸರು ಬರೆಸಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲಿದೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟ ಮಾಡಿತು. ಕಾನೂನು ಇರದಿದ್ದರೂ ನಾನು ಬರೆಸುತ್ತಿದ್ದೆ. ಪಾಲು ತಗೊಳ್ಳುವುದು, ಬಿಡುವುದು ಅವಳ ಇಷ್ಟ. ಅವಳು ಇಲ್ಲವೇ ಇಲ್ಲ ಅಂತ ಬರೆಯುವ ಹಕ್ಕು ನಮಗಿಲ್ಲ.

ಮೃತ್ಯುಪತ್ರ, ಅಂದರೆ ವಿಲ್, ಬರೆಯುವುದು ಅಪಶಕುನ ಅಂತ ನೀನು ಅನ್ನಬಹುದು. ನಮ್ಮ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳನ್ನು ನೆನೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಮುಂದೇನು ಅಂತ ಯಾರೂ ತಡಕಾಡಬೇಕಾಗಲಿಲ್ಲ. ದೇಹವನ್ನು ಹೂಳದೆ ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಅಂತ 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ಜೇಬಿಲ್ಲದ ಅಂಗಿ ತೊಟ್ಟವರು, ಹೆಸರಿಗೆ ಒಂದು ಚೂರು ಆಸ್ತಿ ಇಲ್ಲದವರು. ಅವರೇ ಹಿಂದೆ ಉಳಿದವರಿಗೆ ತೊಂದರೆ ಆಗಬಾರದು ಅಂತ ಬರೆದಿಟ್ಟರು. ಮನೆ, ಹೊಲ, ಸಾಲ, ಮಕ್ಕಳು ಎಲ್ಲಾ ಇರುವ ನಾವು ಬರೆಯಬಾರದಾ? ಅದಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ಬಿಳಿ ಹಾಳೆ, ನಿನ್ನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಹಾಕಿಸಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ಜಗಳಕ್ಕೆ ಜಾಗ ಕಡಿಮೆ.

ಇನ್ನೊಂದು ಮಾತು ಬರೆಯದಿದ್ದರೆ ಮರೆತುಹೋಗುತ್ತದೆ. ಅಪ್ಪ ಹೋಗಿ ಹದಿನೈದೇ ದಿನಕ್ಕೆ ಅವ್ವನ ಫೋನಿಗೆ ಯಾರೋ ಕರೆ ಮಾಡಿ, ‘ನಿಮ್ಮ ಯಜಮಾನರ ಹಣ ಬಂದಿದೆ, ಓಟಿಪಿ ಹೇಳಿ’ ಅಂದಿದ್ದರು. ಅವ್ವನಿಗೆ ಓಟಿಪಿ ಅಂದರೆ ತಿಳಿಯದು, ಹಾಗಾಗಿ ಉಳಿದುಕೊಂಡೆವು. ದುಃಖದ ಮನೆಯನ್ನೇ ಹುಡುಕಿಕೊಂಡು ಬರುತ್ತಾರೆ ದೋಸ್ತ. ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಮೊದಲ ಗಂಟೆಯಲ್ಲೇ ಆದರೆ ಹಣ ತಡೆಯುವ ಸಾಧ್ಯತೆ ಜಾಸ್ತಿ. ಆ ನಂಬರನ್ನು ವೈನಿಯ ಫೋನಿನಲ್ಲೂ ಇಟ್ಟುಬಿಡು.

ನಾಳೆ ಬೆಳಗಿನ ಬಸ್ಸಿಗೆ ಒಂದು ಚೀಲ ಕೊಟ್ಟು ಕಳಿಸುತ್ತಿದ್ದೇನೆ. ಅವ್ವ ಶೇಂಗಾ ಚಟ್ನಿ, ಎಳ್ಳು ಹಚ್ಚಿದ ಕಟಕ್ ರೊಟ್ಟಿ ಇಟ್ಟಿದ್ದಾಳೆ. ಅದರ ಕೆಳಗೆ ಇನ್ನೂರು ಪುಟದ ಒಂದು ವಹಿ ಇದೆ. ಯಾವ ಬ್ಯಾಂಕು, ಯಾವ ಪಾಲಿಸಿ, ಹೊಲದ ಸರ್ವೆ ನಂಬರು, ಯಾರಿಗೆ ಕೈಗಡ ಕೊಟ್ಟಿದ್ದೀಯ, ಯಾರಿಂದ ತಂದಿದ್ದೀಯ, ಯಾವ ಗುಳಿಗೆ ನಡೆದಿದೆ, ಎಲ್ಲಾ ಅದರಲ್ಲಿ ಬರಲಿ. ಎಟಿಎಂ ಪಿನ್ ಮಾತ್ರ ಬರೆಯಬೇಡ, ಅದನ್ನು ಬಾಯಿಂದ ಹೇಳು. ಫೋನಿನ ಪ್ಯಾಟರ್ನ್ ಇವತ್ತು ರಾತ್ರಿಯೇ ತೋರಿಸು. ಮೊದಲ ಪುಟದಲ್ಲಿ ನಿನ್ನ ರಕ್ತದ ಗುಂಪು, ನನ್ನ ನಂಬರು, 1930 ಬರೆದಿದ್ದೇನೆ. ಉಳಿದದ್ದನ್ನು ನೀನು ಹೇಳುತ್ತಾ ಹೋಗು, ವೈನಿ ಬರೆಯಲಿ. ಕಾಲು ಸರಿಯಾಗುವ ತನಕ ಹೇಗೂ ಮನೆಯಲ್ಲೇ ಇರುತ್ತೀಯ.

ಮುಂದಿನ ಭಾನುವಾರ ಬರುತ್ತೇನೆ. ವೈನಿಯ ಹತ್ತಿರ ವಹಿ ಇಸಿದುಕೊಂಡು ನೋಡುತ್ತೇನೆ.

ನಿನ್ನ ದೋಸ್ತ