ಕಿಟ್ ಕೆಲಸ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಜೂನ್ ಮುಗಿಯುತ್ತಾ ಬಂತು. ಲಾಕ್‌ಡೌನ್‌ನಲ್ಲಿ ಕಷ್ಟಕ್ಕೆ ಸಿಕ್ಕವರಿಗೆ ಅಕ್ಕಿ ಬೇಳೆ ಹಂಚುತ್ತಿದ್ದ ನಮ್ಮ ರೇಷನ್ ಕಿಟ್ ಕೆಲಸವನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ 21 ದಿನ ಅಂದಿದ್ದರು, ನಾವೂ ಅಷ್ಟು ದಿನಕ್ಕೆ ಅಂತಲೇ ಕೈ ಹಾಕಿದ್ದು. ಆಮೇಲೆ ಏನೇನಾಯಿತು ಅಂತ ನಿಮಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ.

ಹಣ ಹಾಕಿದ ಎಲ್ಲರಿಗೂ, ಯಶವಂತಪುರದ ಮಂಡಿಯಲ್ಲಿ ಮುಖ ನೋಡಿ ಉದ್ರಿ ಕೊಟ್ಟವರಿಗೂ, ಬಾಡಿಗೆ ಬೇಡ ಡೀಸೆಲ್ ಹಾಕಿಸಿ ಸಾಕು ಅಂದ ಟಾಟಾ ಏಸ್ ಅಣ್ಣನಿಗೂ, ಬೇಳೆ ಅಳೆದು ಅಳೆದು ಕೈ ನೋಯಿಸಿಕೊಂಡ ಹುಡುಗ ಹುಡುಗಿಯರಿಗೂ ದೊಡ್ಡ ಥ್ಯಾಂಕ್ಸ್. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ. "ಆಮೇಲೆ ಸಾಹೇಬ್ರು ಕೇಳ್ತಾರೆ, ಯಾಕೆ ಬೇಕು ತಾಯಿ" ಅಂದರು. ಹಾಗಾಗಿ ಬರೀ ಅಕ್ಕ.

ಕಿಟ್ ಯಾರಿಗೆಲ್ಲ ಕೊಡಬೇಕು ಅನ್ನೋ ನಮ್ಮ ಲಿಸ್ಟ್ ಓದಿಸಿ ಕೇಳಿದ ಅಕ್ಕ, ತಗಡಿನ ಬೇಲಿ ಹಿಂದಿರೋ ಶೆಡ್‌ಗಳು ಇದರಲ್ಲಿ ಇಲ್ವಲ್ಲ ಅಂದರು. ಅಲ್ಲಿದ್ದವರಲ್ಲಿ ಯಾದಗಿರಿ, ರಾಯಚೂರು ಕಡೆಯವರೇ ಜಾಸ್ತಿ, ಸ್ವಲ್ಪ ಜನ ಬಿಹಾರದವರು. ಕೆಲಸಕ್ಕೆ ಕರೆತಂದ ಮೇಸ್ತ್ರಿ ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದ. ರೇಷನ್ ಕಾರ್ಡ್ ಊರಲ್ಲಿ, ಇಲ್ಲಾ ಇಲ್ಲವೇ ಇಲ್ಲ. ಅಕ್ಕಿ ಕೊಡ್ತೀವಿ ಅಂದಾಗ "ಸರಿ, ಬೇಯಿಸೋದು ಯಾತರಲ್ಲಿ?" ಅಂತ ಕೇಳಿದ್ದೂ ಅಕ್ಕನೇ. ಸಣ್ಣ ಸಿಲಿಂಡರಿಗೆ ಗ್ಯಾಸ್ ತುಂಬೋ ಅಂಗಡಿಗಳು ಬಾಗಿಲು ಹಾಕಿದ್ದವು. ಅವತ್ತಿಂದ ಕಿಟ್ ಜೊತೆ ಸೌದೆಯೂ ಹೋಯಿತು. ಬಿಹಾರದವರಿಗೆ ಗೋಧಿ ಹಿಟ್ಟು, ಯಾದಗಿರಿಯವರಿಗೆ ಜೋಳದ ಹಿಟ್ಟು, ಕೂಸಿರೋ ಮನೆಗೆ ಹಾಲಿನ ಪುಡಿ, ಹೆಣ್ಣುಮಕ್ಕಳಿಗೆ ಪ್ಯಾಡ್, ಇದೆಲ್ಲ ಅಕ್ಕನ ತಲೆಯೊಳಗಿದ್ದ ಲಿಸ್ಟ್.

ಇನ್ನು ಆ ಮಳೆ ರಾತ್ರಿ. ಬೆಳಗ್ಗೆ ಹಂಚಬೇಕಿದ್ದ ಮೂಟೆಗಳೆಲ್ಲ ನಾವು ಸಾಮಾನು ಇಡುತ್ತಿದ್ದ ಹಾಲ್‌ನ ನೆಲದ ಮೇಲಿದ್ದವು, ನೀರು ಒಳಗೆ ನುಗ್ಗಿತು. ಕರೆಂಟ್ ಹೋಗಿತ್ತು. ಓಡಾಡೋ ಹಾಗೂ ಇಲ್ಲ, ದೂರದವರನ್ನು ಯಾರನ್ನು ಕರೆಯೋದು? ಅಕ್ಕನ ಮನೆ ಹಿಂದಿನ ಬೀದಿಯಲ್ಲೇ. ಫೋನ್ ಮಾಡಿ ಇನ್ನೂ ಕೈಯಲ್ಲೇ ಹಿಡಿದಿದ್ದೆ, ಸೀರೆ ಎತ್ತಿ ಕಟ್ಟಿ ಗೋಣಿ ಕೊಪ್ಪೆ ಹಾಕಿಕೊಂಡು ಬಂದೇಬಿಟ್ಟರು. ಇಬ್ಬರೂ ಸೇರಿ ಮೂಟೆಗಳನ್ನು ಸ್ಟೇಜ್ ಮೇಲೆ ಎಳೆದು ಹಾಕಿದೆವು. ನಾನು ಟಾರ್ಚ್ ಹಿಡಿದೆ. ಅವರು ಒಂದೊಂದು ಮೂಟೆಗೂ ಮೊಣಕೈವರೆಗೆ ಕೈ ಇಳಿಸಿ, ತಳದ ಅಕ್ಕಿ ಹಿಡಿ ಎತ್ತಿ ಹಿಸುಕಿ ನೋಡಿ, ಇದು ಪರವಾಗಿಲ್ಲ, ಇದು ನೆಂದಿದೆ ಅಂತ ಬೇರೆ ಬೇರೆ ಮಾಡುತ್ತಾ ಹೋದರು. ಹಿಟ್ಟು ಗಂಟುಗಂಟಾಗಿತ್ತು, ಎಸೆಯದೆ ವಿಧಿ ಇರಲಿಲ್ಲ. ಅದನ್ನು ನೋಡಿ ನಾನು ಸ್ಟೇಜ್ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಕ್ಕ ಸಮಾಧಾನಗಿಮಾಧಾನ ಏನೂ ಮಾಡಲಿಲ್ಲ. "ಅಳೋದಾದ್ರೆ ಅಳಮ್ಮ, ಟಾರ್ಚ್ ಮಾತ್ರ ಈ ಕಡೆ ಹಿಡಿ" ಅಂದರು. ನೆಂದ ಅಕ್ಕಿಯನ್ನು ಬೆಳಗ್ಗೆಯೇ ಬೇಯಿಸಬೇಕು, ಇಟ್ಟರೆ ವಾಸನೆ ಬರುತ್ತೆ ಅಂತ ಶೆಡ್ಡಿನ ಹೆಂಗಸರಿಗೆ ಹೇಳಿ ಕಳಿಸಿದ್ದೂ ಅವರೇ. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದು ನೇರ ಡ್ಯೂಟಿಗೆ ಹೋದರು. ಹಾಜರಿ ತಪ್ಪಿದರೆ ಸಂಬಳ ಹಿಡೀತಾರಲ್ವಾ. ಕಣ್ಣು ಮುಚ್ಚಿರಲಿಲ್ಲ ಪುಣ್ಯಾತ್ಗಿತ್ತಿ.

ಫೋಟೋ ಯಾಕೆ ಕಳಿಸಲಿಲ್ಲ ಅಂತ ಕೆಲವರು ಕೇಳಿದ್ದೀರಿ. ಅದಕ್ಕೂ ಅಕ್ಕನೇ ಕಾರಣ. "ಕೈ ಚಾಚೋದನ್ನ ಯಾಕೆ ಪಟ ತೆಗೀತೀರಾ" ಅಂದರು. ಬಿಲ್ ಕಳಿಸಿದ್ದೇವೆ, ಫೋಟೋ ಇಲ್ಲ, ಅದು ಹಾಗೆಯೇ ಇರಲಿ.

ಮೇ ತಿಂಗಳ ಬಗ್ಗೆ ಬರೆಯೋದು ನನಗೆ ಕಷ್ಟ. ಶೆಡ್ಡಿನವರಿಗೆ ಊರಿಗೆ ಹೋಗೋಕೆ ರೈಲು ಇದೆ ಅಂದರು, ಇಲ್ಲ ಅಂದರು, ಮತ್ತೆ ಇದೆ ಅಂದರು. ಆ ನಡುವೆ ಒಂದು ಕುಟುಂಬ ಕಾಯಲಾರದೆ ನಡೆದೇ ಹೊರಟುಬಿಟ್ಟಿತ್ತು. ನಾನು ಕಿಟ್ ತಗೊಂಡು ಹೋದಾಗ ಶೆಡ್ ತೆರೆದಿತ್ತು, ಹಿಂದಿನ ವಾರ ನಾವೇ ಕೊಟ್ಟ ಎಣ್ಣೆ ಪ್ಯಾಕೆಟ್ ಅರ್ಧ ಹಾಗೇ ಇತ್ತು. ಅವರ ನಂಬರ್ ಇವತ್ತಿಗೂ ಸಿಗುತ್ತಿಲ್ಲ. ಕಾರ್ಡ್ ಇಲ್ಲದ ವಲಸೆ ಕಾರ್ಮಿಕರಿಗೂ ತಲಾ 5 ಕೆಜಿ ಧಾನ್ಯ, ಕುಟುಂಬಕ್ಕೆ 1 ಕೆಜಿ ಕಡಲೆ ಅಂತ ಕೇಂದ್ರ ಹೇಳಿದ್ದು ಮೇ 14ಕ್ಕೆ. ಅಷ್ಟೊತ್ತಿಗೆ ನಮ್ಮ ಕಡೆ ಅರ್ಧ ಶೆಡ್‌ಗಳು ಖಾಲಿ. ಇದಕ್ಕೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ಗೊತ್ತಿಲ್ಲ, ಆದರೆ ಕೋಪ ಇದೆ.

ಸರಿ, ಲೆಕ್ಕಕ್ಕೆ ಬರ್ತೀನಿ. ಮಂಡಿಯ ಉದ್ರಿ ಪೂರ್ತಿ ತೀರಿಸಿದ್ದೇವೆ. ಸ್ವಲ್ಪ ಹಣ ಉಳಿದಿದೆ. ಊರಿಗೆ ಹೋಗಲಾಗದೆ ಇಲ್ಲೇ ಉಳಿದ ಇಬ್ಬರು ಬಾಣಂತಿಯರಿಗೆ ಹಾಲು, ಬೇಳೆ, ತುಪ್ಪ ಕೊಡಿಸಿ ಅಂತ ಅಕ್ಕ ಹೇಳಿದ್ದಾರೆ, ಅದಕ್ಕೇ ಹೋಗುತ್ತೆ. ಬೇರೆ ಸಲಹೆ ಇದ್ದವರು ಅಕ್ಕನ ಹತ್ತಿರವೇ ವಾದ ಮಾಡಿ, ನನಗೆ ಧೈರ್ಯ ಇಲ್ಲ. ಇನ್ನು ಯಾರೂ ಹಣ ಹಾಕಬೇಡಿ, ಖಾತೆ ಮುಚ್ಚುತ್ತಿದ್ದೇವೆ.