‘ಕೃಪೆ: ಅಂತರ್ಜಾಲ’ – ಯಾರಪ್ಪ ಇವನು?

ಮಾನ್ಯ ಸಂಪಾದಕರೇ,

ಹಳೇಬೀಡಿನ ದೇವಸ್ಥಾನದ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಬಗ್ಗೆ ಮೊನ್ನೆ ನಿಮ್ಮಲ್ಲಿ ಸುದ್ದಿ ಬಂದಿತ್ತು. ಯಾವ ಕಚೇರಿ, ಯಾವ ಸರ್ಕಲ್ ಎಲ್ಲ ಅದರಲ್ಲೇ ಇದೆ, ಮತ್ತೆ ಹೇಳುವುದಿಲ್ಲ. ‘ಕಣ್ಮನ ಸೆಳೆಯುವ ಚಿತ್ರ’ ಅಂತ ಬರೆದಿದ್ದೀರಿ. ಸಂತೋಷ. ಆ ಚಿತ್ರ ತೆಗೆದವನು ನಾನು. ಮೂಲೆಯಲ್ಲಿ ಮಾತ್ರ ‘ಕೃಪೆ: ಅಂತರ್ಜಾಲ’ ಎಂದಿದೆ.

ನಿನ್ನೆ ತರಕಾರಿ ಚೀಲ ಹಿಡಿದುಕೊಂಡೇ ಅದರ ಕೆಳಗೆ ನಿಂತು ನೋಡಿದೆ. ನನ್ನದೇ ಅನ್ನುವುದಕ್ಕೆ ಸಾಕ್ಷಿ ಗೋಡೆಯಲ್ಲಿ ಕೆತ್ತಿದ ಆನೆ ಸಾಲಿನ ಕೆಳಗಿದೆ, ಜಗತಿಯ (ದೇವಸ್ಥಾನ ನಿಂತಿರುವ ಕಟ್ಟೆಯ) ಮೇಲೆ. ಕೆಂಪು ಮುಚ್ಚಳದ ನೀರಿನ ಬಾಟಲಿ. ನನ್ನ ಮೊಮ್ಮಗಳು ಇಟ್ಟು ಮರೆತದ್ದು. ಅದನ್ನೂ ಅಳಿಸದೆ ಆಳೆತ್ತರ ಹಿಗ್ಗಿಸಿದ್ದಾರೆ. ಸಾಲದ್ದಕ್ಕೆ ಫೋಟೋವನ್ನು ಎಡ ಬಲ ತಿರುಗಿಸಿಬಿಟ್ಟಿದ್ದಾರೆ. ಹೊಯ್ಸಳರ ಆನೆಗಳು ಒಂಬೈನೂರು ವರ್ಷ ಒಂದು ಕಡೆಗೆ ನಡೆದಿದ್ದವು. ಈಗ ಕಚೇರಿಯ ಆದೇಶದ ಮೇರೆಗೆ ವಾಪಸ್ ಹೊರಟಿವೆ!

ಅದು ದೇವಸ್ಥಾನದ ಹಿಂದಿನ ಗೋಡೆ, ಪಡುವಣ ದಿಕ್ಕು. ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಎರಡು ಭಾನುವಾರ ಹೋಗಿ ಮೋಡ ನೋಡಿಕೊಂಡು ಬಂದೆ, ಮೂರನೇ ಸಲ ಸಿಕ್ಕಿತು.

ಮುದುಕ ದುಡ್ಡಿಗೆ ಬಾಯಿ ಬಿಡ್ತಿದ್ದಾನೆ ಅಂದುಕೊಳ್ಳಬೇಡಿ. ಫೋಟೋವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಜಾಲತಾಣಕ್ಕೆ ಹಾಕಿದ್ದು ನಾನೇ, ಹೆಸರು ಹೇಳಿ ಬಳಸಿಕೊಳ್ಳಿ ಎನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟಿದ್ದೂ ನಾನೇ. ಯಾರು ಬೇಕಾದರೂ ಬಳಸಲಿ, ಕ್ಯಾಲೆಂಡರ್ ಮಾಡಿ ಮಾರಲಿ. (ವ್ಯಾಪಾರಕ್ಕೆ ಬಳಸಬೇಡಿ ಅಂದರೆ ಕಾಮನ್ಸ್‌ನವರು ತೆಗೆದುಕೊಳ್ಳುವುದೇ ಇಲ್ಲ.) ಲೈಸೆನ್ಸ್ ಕೇಳುವುದು ಇಷ್ಟೇ: ತೆಗೆದವರ ಹೆಸರು, ಲೈಸೆನ್ಸ್ ಯಾವುದು, ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಅಂತ ಒಂದು ಮಾತು. ಒಂದು ಸಾಲಿನಲ್ಲಿ ಮುಗಿಯುತ್ತದೆ. ಕೈಮುಗಿದ ಒಂಬತ್ತು ಮುಖಗಳಿಗೆ ಜಾಗ ಇದೆ, ಇದಕ್ಕಿಲ್ಲ.

ಕಚೇರಿಗೆ ಹೋದೆ. ‘ಗೂಗಲ್‌ನಲ್ಲಿ ಫ್ರೀ ಸಿಕ್ತು ಮೇಷ್ಟ್ರೇ’ ಅಂದರು. ಗೂಗಲ್ ಹುಡುಕಿಕೊಡುತ್ತದೆ, ಅದರದ್ದೇ ಆಗಿಬಿಡುತ್ತಾ? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋ ತೆಗೆದವನು ಬದುಕಿರುವವರೆಗೂ, ಸತ್ತ ಮೇಲೆ ಇನ್ನೂ 60 ವರ್ಷವೂ ಹಕ್ಕು ಇರುತ್ತದೆ ಅಂದೆ. ‘ನಿಮ್ಮದೇ ಅನ್ನೋದಕ್ಕೆ ದಾಖಲೆ ಏನಿದೆ? ಅರ್ಜಿ ಜೊತೆ ಆಧಾರ್ ಜೆರಾಕ್ಸ್ ಇಡಿ’ ಅಂದರು. ಆಧಾರ್‌ನಲ್ಲಿ ಫೋಟೋ ಇದೆ, ನಿಜ. ಆದರೆ ಹಳೇಬೀಡಿನದ್ದಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಫೋಟೋವನ್ನು ತಮ್ಮ ವೆಬ್‌ಸೈಟಿಗೂ ಹಾಕಿ, ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಅಂದಿದ್ದಾರೆ. ಅದನ್ನು ನೋಡಿದ ಯಾರೋ ಕಾಮನ್ಸ್ ಸ್ವಯಂಸೇವಕರು ನನ್ನ ಫೋಟೋಗೇ ಚೀಟಿ ಅಂಟಿಸಿದರು. ಏಳು ದಿನದಲ್ಲಿ ಹಕ್ಕುದಾರರ ಒಪ್ಪಿಗೆ ತೋರಿಸಿ, ಇಲ್ಲವಾದರೆ ಅಳಿಸುತ್ತೇವೆ ಅಂತ. ನನ್ನ ಮನೆಗೆ ನಾನೇ ಕನ್ನ ಹಾಕಿದ ಹಾಗಾಯ್ತು. ಹಳೇ ಹಾರ್ಡ್ ಡಿಸ್ಕ್ ಹುಡುಕಿ, ಅಳಿಯನನ್ನು ಕಾಡಿ, ಕ್ಯಾಮೆರಾದ ಮೂಲ ಫೈಲ್ ಸಮೇತ ಮೇಲ್ ಕಳಿಸುವಷ್ಟರಲ್ಲಿ ಎರಡು ರಾತ್ರಿ ನಿದ್ದೆ ಇಲ್ಲ. ಬಿ.ಪಿ. ಮಾತ್ರೆಯೂ ಮರೆತೆ.

ಈ ಕಚೇರಿ ನನಗೆ ಹೊಸದೇನಲ್ಲ. ನಮ್ಮ ರಸ್ತೆಯ ಬೀದಿದೀಪಕ್ಕೆ ಮೂರು ಅರ್ಜಿ ಕೊಟ್ಟಿದ್ದೆ, ಮೂರೂ ಕಳೆದುಹೋದವು. ಅಂತರ್ಜಾಲದಲ್ಲಿ ನನ್ನ ಫೋಟೋ ಹುಡುಕುವ ಕಣ್ಣು ಟೇಬಲ್ ಮೇಲಿನ ಅರ್ಜಿ ಹುಡುಕುವಾಗ ಎಲ್ಲಿರುತ್ತದೆ? ಅಲ್ಲದೆ ಪ್ಲಾಸ್ಟಿಕ್ ಫ್ಲೆಕ್ಸನ್ನೇ ಸರ್ಕಾರ 2016ರಲ್ಲಿ ನಿಷೇಧಿಸಿದೆ ಅಲ್ವಾ? ನಿಷೇಧಿಸಿದವರೂ ಇವರೇ, ಕಟ್ಟುವವರೂ ಇವರೇ.

ಫ್ಲೆಕ್ಸ್ ಕೂಡಲೇ ಕಿತ್ತುಹಾಕಲಿ. ಅಥವಾ ಇರಲಿ, ನನ್ನ ಹೆಸರು ಸೇರಿಸಲಿ. ಆನೆಗಳನ್ನಾದರೂ ಸರಿಯಾಗಿ ತಿರುಗಿಸಲಿ. ಬೀದಿದೀಪವನ್ನೂ ಹಾಕಲಿ. ಏನಾದರೊಂದು ಮಾಡಲಿ, ಸುಮ್ನೆ ಕೂರಬಾರದು.

ಅಂದಹಾಗೆ, ನಿಮ್ಮ ಭಾನುವಾರದ ಪುರವಣಿಯಲ್ಲೂ ಈ ‘ಕೃಪೆ: ಅಂತರ್ಜಾಲ’ ಜಾಸ್ತಿಯಾಗಿದೆ. ಈ ಪತ್ರದ ಕೆಳಗಾದರೂ ಬರೆದವನನ್ನು ನೆನೆಯಿರಿ. ‘ಕೃಪೆ: ಅಂಚೆ’ ಅಂತ ಹಾಕಬೇಡಿ.

ಇತಿ,
ನಿವೃತ್ತ ಮೇಷ್ಟ್ರು, ಹಾಸನ