ಪತ್ರಾಸ್ ಮನೆಗಳನ್ನೂ ತಂಪು ಮಾಡಿ: ವಸತಿ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರೇ,

ನಮಸ್ಕಾರ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯದೇ, ಇಲ್ಲಿನ ಬಿಸಿಲು ಅಂಥದ್ದು. ಆದರೆ 1.30ರ ನಂತರ ಪತ್ರಾಸ್ ಮನೆಯವರು, ಅಂದರೆ ತಗಡಿನ ಸೂರಿನಡಿ ಇರುವವರು, ಎಲ್ಲಿಗೆ ಹೋಗಬೇಕು?

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಂದೇ ಕೋಣೆ, ಮೇಲೆ ತಗಡು. ಮಧ್ಯಾಹ್ನ ಒಳಗೆ ಕಾಲಿಟ್ಟರೆ ನೆತ್ತಿಗೇ ಝಳ ಹೊಡೆಯುತ್ತದೆ. ಫ್ಯಾನ್ ತಿರುಗುತ್ತದೆ, ಆದರೆ ಮೇಲಿನ ಬಿಸಿಗಾಳಿಯನ್ನೇ ಎಳೆದು ಕೆಳಗೆ ಹಾಕುತ್ತದೆ. ಅವರು ಹಳೇ ಸೀರೆ ನೆನೆಸಿ ಮೊಮ್ಮಗನಿಗೆ ಹೊದಿಸಿಕೊಂಡು ಬೇವಿನ ಮರದ ಕೆಳಗೆ ಕೂರುತ್ತಾರೆ. ಸಂಜೆ ತಗಡು ಆರುವಾಗ ಟಕ್ ಟಕ್ ಅಂತ ಸದ್ದು ಮಾಡುತ್ತದೆ, ಆ ಸದ್ದು ನಿಂತ ಮೇಲೇ ಅವರು ಒಳಗೆ ಹೋಗಿ ರೊಟ್ಟಿ ಬಡಿಯುವುದು.

ಗೃಹಜ್ಯೋತಿ ದೊಡ್ಡ ಉಪಕಾರ, ಮನಸಾರೆ ಹೇಳುತ್ತೇನೆ. ಆದರೆ ಉಚಿತ ಯೂನಿಟ್ ಸಿಗುವುದು ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ, ಅದರ ಮೇಲೆ ಸ್ವಲ್ಪ ಸೇರಿಸಿ. ಬೇಸಿಗೆಯಲ್ಲಿ ಹಗಲೂ ರಾತ್ರಿ ಫ್ಯಾನ್ ಹಾಕಿದರೆ ಆ ಮಿತಿ ದಾಟಿಬಿಡುತ್ತದೆ. ಕರೆಂಟಿಗೆ ದುಡ್ಡು ಕೊಡುವಾಗ ಸೂರಿಗೂ ಸ್ವಲ್ಪ ಕೊಡಬೇಕು, ಅಲ್ವಾ?

ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆಂದೇ, ಅಂದರೆ ಬಿಸಿಲನ್ನು ವಾಪಸ್ ಕಳಿಸುವ ಸೂರಿಗೆಂದೇ, ನೀತಿ ತಂದು, ಬಡವರಿಗೆ ಸರ್ಕಾರ ಕಟ್ಟಿಕೊಡುವ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಂತೂ 1976ರಲ್ಲೇ ಶುರುವಾದ ಒಂದು ಯೋಜನೆ ಇದೆ. ಬಡವರ ಮನೆಗೆ ಸರ್ಕಾರದ ಖರ್ಚಿನಲ್ಲೇ ಕೆಲಸದವರು ಬಂದು ಗಾಳಿ ನುಗ್ಗುವ ಸಂದಿಗಳನ್ನು ಮುಚ್ಚಿ, ಸೂರಿನಡಿ ಶಾಖ ತಡೆಯುವ ಪದರ ಹಾಕಿ ಹೋಗುತ್ತಾರೆ. ಬಾಡಿಗೆ ಮನೆಗೂ ಮಾಡುತ್ತಾರೆ, ಆದರೆ ಆ ಕೆಲಸ ತೋರಿಸಿ ಮಾಲೀಕ ಕೂಡಲೇ ಬಾಡಿಗೆ ಏರಿಸುವಂತಿಲ್ಲ. ಈ ನಿಯಮ ನಮಗೂ ಬೇಕೇ ಬೇಕು.

ನಾವು ಕೇಳುತ್ತಿರುವುದು ಹೊಸ ಮನೆ ಅಲ್ಲ. ಇರುವ ತಗಡಿಗೆ ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಪೇಂಟ್ ಎರಡು ಕೋಟ್, ಒಳಗಡೆ ಬಿದಿರಿನ ತಟ್ಟಿ, ಬಿಸಿಗಾಳಿ ಹೊರಹೋಗಲು ಮೇಲೊಂದು ಕಿಂಡಿ. ಸುಮ್ನೆ ಸುಣ್ಣ ಬಳಿದು ಹೋಗಬೇಡಿ, ಅದು ತಗಡಿಗೆ ಹಿಡಿಯುವುದಿಲ್ಲ, ಮಳೆಗೆ ತೊಳೆದು ಹೋಗುತ್ತದೆ. ದಯವಿಟ್ಟು ಹಕ್ಕುಪತ್ರವನ್ನೂ ಕೇಳಬೇಡಿ. ನಮ್ಮ ಓಣಿಯ ಶೆಡ್‌ಗಳಿಗೆ ಅದು ಇಲ್ಲ. ಬಿಪಿಎಲ್ ಕಾರ್ಡ್ ನೋಡಿ, ಸಾಕು. ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದೀರಿ, ಅದರಲ್ಲೇ ಇದಕ್ಕೊಂದು ಪಾಲು ತೆಗೆದಿಡಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಅಲ್ಲಿಂದಲೇ ತಗಡು ಕಾಯಲು ಶುರು. ಅದಕ್ಕೆ ಮುಂಚೆ ನಿಮ್ಮ ಜನ ಏಣಿ, ಬ್ರಷ್ ಹಿಡಿದು ನಮ್ಮ ಓಣಿಗೆ ಬರಲಿ. ಮೊದಲು ಆ ಅಜ್ಜಿಯ ಮನೆ ಮಾಡಿ, ಏಣಿ ಹಿಡಿಯಲು ನಾನೂ ನಿಲ್ಲುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ನಿವಾಸಿ